ಬರೆಯದೆ ಉಳಿದ ಬಿಸಿ

ಇಸವಿ ೧೯೫೬, ಅಕ್ಟೋಬರ್ ೨೮, ಭಾನುವಾರ. ಬೆಳಿಗ್ಗೆ ಏಳೂ ಕಾಲಿಗೆ ಬರೆಯಲು ಕುಳಿತಿದ್ದೇನೆ.

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳಿರಲಿಲ್ಲ. ಎಲ್ಲರ ಬೆರಳ ತುದಿಯಲ್ಲೂ ಇರುವ ಶಂಖವಾಗಲಿ ಚಕ್ರವಾಗಲಿ ಅಲ್ಲಿ ಇರಲಿಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು. ಉಗುರಿನ ಸುತ್ತ ಮಾತ್ರ ಒಂದು ಕಪ್ಪು ಅಂಚು; ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ್ದು. ಮೂವತ್ತು ವರ್ಷಗಳಿಂದ ಎಂಜಿನ್ ಎಣ್ಣೆಯನ್ನು ಆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉಜ್ಜಿ ನೋಡಿದವರು ಅವರು. ಒಂದು ತೊಟ್ಟು ತೆಗೆದು, ಉಜ್ಜಿ, ಎರಡೂ ಬೆರಳನ್ನು ಮೆಲ್ಲಗೆ ಅಗಲಿಸುವರು. ನಡುವೆ ಎಣ್ಣೆಯ ಎಳೆ ಏಳುವುದು. ಅದು ಸಣ್ಣಗಾಗಿ ಹರಿಯುವ ತನಕ ಬಾಯಲ್ಲೇ ಎಣಿಸುವರು.

"ಒಂದು, ಎರಡು, ಮೂರು, ನಾಲ್ಕು... ಇದು ದಪ್ಪ ಉಂಟು. ಈ ಚಳಿಗೆ ಆಗ್ಲಿಕ್ಕಿಲ್ಲ."

ಅವರು ಮಡಿಕೇರಿಯ ಒಂದು ಮೋಟಾರ್ ಶೆಡ್ಡಿನಲ್ಲಿ ಮೇಸ್ತ್ರಿ. ಮೂರು ಬಸ್ಸುಗಳ ಎಂಜಿನ್ ರಿಪೇರಿ ಅವರ ಕೈಯಲ್ಲಿತ್ತು. ಊರು ಸಂಪಾಜೆಯ ಕಡೆ, ಮನೆಮಾತು ಅರೆಭಾಷೆ. ನಮ್ಮೊಡನೆ ಮಾತಾಡುವಾಗ ಘಟ್ಟದ ಮೇಲಿನದೂ ಕೆಳಗಿನದೂ ಸೇರಿದ ಕನ್ನಡ. ಓದು ಬರಹ ಬಾರದು. ಮದುವೆಯಾಗಿರಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಊರಿನಲ್ಲಿ ಒಬ್ಬ ತಂಗಿ.

ನಾನು ಆ ಶೆಡ್ಡಿಗೆ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ್ದು ೧೯೫೩ರ ಜೂನ್ ಒಂದನೆಯ ತಾರೀಖು, ಸೋಮವಾರ. ಆಗ ನನಗೆ ಹತ್ತೊಂಬತ್ತು. ಕುಶಾಲನಗರದ ಹತ್ತಿರ ನಮ್ಮ ಮನೆ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು ನಾವು. ಹೈಸ್ಕೂಲು ಮುಗಿಸಿದ್ದೆ, ಅಕ್ಷರ ದುಂಡಗಿತ್ತು, ದಿನಚರಿ ಬರೆಯುವ ಅಭ್ಯಾಸವಿತ್ತು. ಮಳೆ ಬಂದ ದಿನ, ಬಸ್ಸು ತಡವಾದ ನಿಮಿಷ, ನಾನು ಕುಡಿದ ಕಾಫಿ, ಎಲ್ಲವನ್ನೂ ಲೆಕ್ಕ ಇಡುತ್ತಿದ್ದೆ. ಧಣಿಗಳು ಅದನ್ನು ನೋಡಿಯೇ ಕೆಲಸ ಕೊಟ್ಟದ್ದು. ಧಣಿ ಎಂದರೆ ಆ ಮೂರು ಬಸ್ಸುಗಳ ಮಾಲೀಕರು.

ಮೇಸ್ತ್ರಿ ಮಾತ್ರ ಮೊದಲ ದಿನವೇ ನನ್ನ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟು ಬರೆದ್ರೆ ಬಸ್ಸು ಜೋರು ಓಡ್ತದಾ ರೈಟ್ರೇ?" ಎಂದರು. ಕುಶಾಲನಗರದ ಬಸ್ಸಿನ ಕಂಡಕ್ಟರ್ ನಕ್ಕ. ನನಗೆ ಸಿಟ್ಟು ಬಂತು. ಆ ಸಿಟ್ಟನ್ನೂ ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ.

ಮಡಿಕೇರಿಯ ಚಳಿಗಾಲದ ಬೆಳಗ್ಗೆ ಅವರ ಕೆಲಸ ನೋಡಬೇಕಾಗಿತ್ತು. ಎಂಜಿನ್ನಿನ ಪಕ್ಕದಲ್ಲಿ ಎಣ್ಣೆ ಸೋಸುವ ಫಿಲ್ಟರಿನ ಡಬ್ಬಿ ಇರುತ್ತದೆ, ಎರಡು ಸೇರಿನ ಪಾತ್ರೆಯಷ್ಟು ದೊಡ್ಡದು, ಒಳಗೆ ಉಣ್ಣೆಯ ದಪ್ಪ ಬಟ್ಟೆ. ಪಂಪು ತಳದ ಎಣ್ಣೆಯನ್ನು ಎತ್ತಿ ಆ ಬಟ್ಟೆಯ ಮೂಲಕ ತಳ್ಳುತ್ತದೆ. ಕಸ ಅಲ್ಲಿ ನಿಂತು, ಚೊಕ್ಕ ಎಣ್ಣೆ ಬೇರಿಂಗುಗಳಿಗೆ ಹೋಗುತ್ತದೆ. ಮೇಸ್ತ್ರಿ ಎಂಜಿನ್ ಶುರು ಮಾಡಿಸಿ, ಆ ಡಬ್ಬಿಯ ಮೇಲೆ ಅಂಗೈ ಇಟ್ಟು ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು, ಜ್ವರ ಬಂದವರ ಹಣೆ ಮುಟ್ಟಿ ಕೂತ ಹಾಗೆ. ಡಬ್ಬಿ ಬೆಚ್ಚಗಾಗುವ ತನಕ ಬಸ್ಸು ಬಿಡಲು ಒಪ್ಪುತ್ತಿರಲಿಲ್ಲ.

"ಇದು ತಣ್ಣಗೆ ಇದ್ರೆ ಎಣ್ಣೆ ಇದ್ರೊಳಗೆ ಹೋಗ್ತಾ ಇಲ್ಲ ಅಂತ ಲೆಕ್ಕ," ಎನ್ನುತ್ತಿದ್ದರು. "ಎಣ್ಣೆ ಹೋದ್ರೆ ಅಲ್ವಾ ಬಿಸಿ ಆಗೋದು?"

ಹಾಗಾದರೆ ಎಣ್ಣೆ ಎಲ್ಲಿ ಹೋಗುತ್ತದೆ ಎಂದು ನಾನು ಕೇಳಿದೆ. ಅವರು ಡಬ್ಬಿಯ ಬುಡದಲ್ಲಿ ಒಂದು ಸಣ್ಣ ಸ್ಪ್ರಿಂಗಿನ ಕವಾಟ ತೋರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಕಳ್ಳಗಂಡಿ. ಬಟ್ಟೆಯ ಮೂಲಕ ಎಣ್ಣೆ ಇಳಿಯದಿದ್ದರೆ ಬೇರಿಂಗು ಒಣಗಿ ಸಾಯಬಾರದೆಂದು ಎಂಜಿನ್ ಮಾಡಿದವರು ಇಟ್ಟ ಅಡ್ಡದಾರಿ ಅದು. ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುತ್ತದೆ. ಆಗ ಎಣ್ಣೆ ಸೋಸದೆ, ಕಸದ ಸಮೇತ ಒಳಗೆ ಹೋಗುತ್ತದೆ.

"ಉಪವಾಸ ಸಾಯೋದಕ್ಕಿಂತ ಕಲ್ಲು ಇರೋ ಅನ್ನ ಉಣ್ಣೋದು ವಾಸಿ ಅಂತ. ಒಂದು ಹೊತ್ತಿಗೆ ಆಯ್ತು. ದಿನಾ ಕಲ್ಲಿನ ಅನ್ನ ಹಾಕಿದ್ರೆ ಹಲ್ಲು ಉಳಿತದಾ?"

ನನಗೆ ಪೂರ್ತಿ ಅರ್ಥವಾಗಲಿಲ್ಲ. ಅದನ್ನು ತಿಳಿದು ಅವರು ಒಂದು ಬೆಳಿಗ್ಗೆ ಅರ್ಧ ಸೀಸೆ ಜೇನು ತಂದರು. ತಂಗಿ ಕಳಿಸಿದ್ದು. ಚಳಿಗೆ ಅದು ಗಟ್ಟಿಯಾಗಿ ಸೀಸೆಯಲ್ಲೇ ಕೂತಿತ್ತು. ಹಳೆಯ ಪಂಚೆಯ ಎರಡು ಚೂರನ್ನು ಎರಡು ಲೋಟಕ್ಕೆ ಕಟ್ಟಿ, ಒಂದರ ಮೇಲೆ ಜೇನನ್ನು ಹಾಗೆಯೇ ಸುರಿದರು. ಅದು ಹಾಗೆಯೇ ನಿಂತಿತು. "ಒತ್ತಿ ರೈಟ್ರೇ," ಎಂದರು. ನಾನು ಚಮಚದ ಹಿಂಬದಿಯಿಂದ ಒತ್ತಿದೆ. "ಇನ್ನೂ ಒತ್ತಿ. ಗಂಜಿ ಕುಡಿದಿಲ್ವಾ?" ಬಲವಾಗಿ ಒತ್ತಿದಾಗ ಬಟ್ಟೆ ಒಂದು ಬದಿಯಲ್ಲಿ ಜಾರಿ, ಜೇನು ಆ ಸಂದಿಯಿಂದ ಲೋಟಕ್ಕೆ ಬಿತ್ತು, ಮೇಣದ ಚೂರು, ಸತ್ತ ನೊಣದ ರೆಕ್ಕೆ ಎಲ್ಲ ಸೇರಿ. ಉಳಿದ ಜೇನಿನ ಸೀಸೆಯನ್ನು ರೇಡಿಯೇಟರಿನ ಬಿಸಿನೀರಿನಲ್ಲಿ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಲೋಟಕ್ಕೆ ಸುರಿದರು. ಯಾರೂ ಒತ್ತಲಿಲ್ಲ. ತಾನಾಗಿ ಇಳಿಯಿತು. ಕಸವೆಲ್ಲ ಬಟ್ಟೆಯ ಮೇಲೆ ಉಳಿಯಿತು.

"ಒತ್ತಿದ್ರೆ ದಾರಿ ತಪ್ತದೆ, ಕಾದ್ರೆ ಇಳಿತದೆ. ಇಷ್ಟೇ ನನ್ನ ವಿದ್ಯೆ," ಎಂದು ನಕ್ಕು, ಎರಡನೆಯ ಲೋಟವನ್ನು ನನಗೆ ಕೊಟ್ಟು ಮೊದಲನೆಯದನ್ನು ತಾವು ನೆಕ್ಕಿದರು.

ದಿನಚರಿಯಲ್ಲಿ ಅದು ನವೆಂಬರ್ ೨೪. ಅವರು ಮನಸ್ಸು ಬಿಚ್ಚಿ ನಕ್ಕದ್ದನ್ನು ನಾನು ಬರೆದಿರುವುದು ಒಟ್ಟು ನಾಲ್ಕು ಸಲ. ಇದು ಕೊನೆಯದು.

ಆ ವರ್ಷ ಡಿಸೆಂಬರಿನಲ್ಲಿ ಧಣಿಗಳು ಮೂರೂ ಬಸ್ಸಿಗೆ ಎಣ್ಣೆಯ ಒತ್ತಡ ತೋರಿಸುವ ಹೊಸ ಮೀಟರು ಹಾಕಿಸಿದರು. ಡ್ರೈವರನ ಮುಂದೆ ಒಂದು ಬಿಳಿ ತಟ್ಟೆ, ಕೆಂಪು ಮುಳ್ಳು, ಪೌಂಡಿನ ಅಂಕಿ. ಮಂಗಳೂರಿನಲ್ಲಿದ್ದ ಅವರ ಪಾಲುದಾರರು ಎಂಜಿನ್ನುಗಳ ಆರೋಗ್ಯದ ಬಗ್ಗೆ ತಿಂಗಳಿಗೊಂದು ವರದಿ ಕೇಳಿದ್ದರು. ಆ ಕೆಲಸ ನನಗೆ ಬಂತು. ಡಿಸೆಂಬರ್ ೭, ಸೋಮವಾರದಿಂದ ನಾನು ಪಟ್ಟಿ ಶುರು ಮಾಡಿದೆ. ಉದ್ದಕ್ಕೆ ತಾರೀಖು, ಅಡ್ಡಕ್ಕೆ ಒಂದು, ಎರಡು, ಮೂರು ನಂಬರಿನ ಬಸ್ಸು. ಕೆಂಪು ಶಾಯಿಯ ಗೆರೆ. ಅಷ್ಟು ಚೆಂದದ ಪಟ್ಟಿಯನ್ನು ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ತಪ್ಪು ಆದದ್ದು ಇಲ್ಲಿ. ಗೋಣಿಕೊಪ್ಪಲಿನ ಒಂದನೇ ನಂಬರು ಏಳೂ ಹತ್ತಕ್ಕೆ, ಕುಶಾಲನಗರದ ಮೂರನೇ ನಂಬರು ಏಳೂವರೆಗೆ ಹೊರಡುತ್ತಿದ್ದವು. ನಾನು ಏಳಕ್ಕೆ ಬಂದು, ಅವುಗಳ ಎಂಜಿನ್ ಆಗತಾನೇ ಶುರುವಾದಾಗ ಮುಳ್ಳು ನೋಡಿ ಬರೆಯುತ್ತಿದ್ದೆ. ಸಂಪಾಜೆಯ ಎರಡನೇ ನಂಬರು ಐದೂವರೆಗೇ ಹೋಗಿಬಿಡುತ್ತಿತ್ತು. ಅಷ್ಟು ಬೇಗ ಬರಲು ನನಗೆ ಮನಸ್ಸಿರಲಿಲ್ಲ. ಅದು ಘಟ್ಟ ಹತ್ತಿ ವಾಪಸು ಬಂದಾಗ, ಒಂಬತ್ತೂ ಮುಕ್ಕಾಲಿಗೆ, ಅದರ ಮುಳ್ಳು ಬರೆಯುತ್ತಿದ್ದೆ. ಅಂದರೆ ಎರಡು ಬಸ್ಸಿನದು ತಣ್ಣಗಿನ ಒತ್ತಡ. ಒಂದರದು, ಇಡೀ ಘಟ್ಟ ಏರಿ ಕುದಿಯುತ್ತ ನಿಂತ ಎಂಜಿನ್ನಿನ ಒತ್ತಡ.

ಮೊದಲ ಮೂರು ದಿನದ ಅಂಕಿಗಳು ಹೀಗಿವೆ. ಒಂದನೇ ನಂಬರು: ಐವತ್ತೆಂಟು, ಅರವತ್ತು, ಅರವತ್ತು. ಮೂರನೇ ನಂಬರು: ಐವತ್ತೈದು, ಐವತ್ತೇಳು, ಐವತ್ತೈದು. ಎರಡನೇ ನಂಬರು: ಇಪ್ಪತ್ತಾರು, ಇಪ್ಪತ್ತನಾಲ್ಕು, ಇಪ್ಪತ್ತೈದು.

ಮೇಸ್ತ್ರಿಗೆ ಓದಲು ಬಾರದಿದ್ದರೂ ಅಂಕಿ ಗುರುತು ಹತ್ತುತ್ತಿತ್ತು. ಡಿಸೆಂಬರ್ ೯ರಂದು ಪಟ್ಟಿಯ ಮೇಲೆ ಬಗ್ಗಿ, "ಇದ್ರ ಪಕ್ಕ ಬಿಸಿ ಬರೀಲಿಲ್ವಾ?" ಎಂದರು.

"ಬಿಸಿ ಬರೆಯೋಕೆ ಥರ್ಮಾಮೀಟರ್ ಎಲ್ಲೈತೆ ಮೇಸ್ತ್ರಿ?" ಎಂದೆ.

"ಕೈ ಇಲ್ವಾ ನಿಮ್ಗೆ? ಡಬ್ಬಿ ಮುಟ್ಟಿ ನೋಡಿ. ತಣ್ಣಗೆ, ಬೆಚ್ಚಗೆ, ಕೈ ಇಡ್ಲಿಕ್ಕೆ ಆಗೋದಿಲ್ಲ. ಮೂರೇ ಮಾತು. ಬಿಸಿ ಇಲ್ಲದ ಒತ್ತಡ ಅಂದ್ರೆ ಹೆಸರಿಲ್ಲದ ಕಾಗದ ಮಾರಾಯ್ರೆ, ಯಾರಿಗೆ ಅಂತ ಕೊಡೋದು?"

ಇನ್ನೊಂದು ಕಾಲಂ ಹಾಕಿದರೆ ಪುಟದ ಅಂದ ಕೆಡುತ್ತಿತ್ತು. ಬೇಡವೆಂದೆ. ಡಿಸೆಂಬರ್ ೧೬ರಂದು ಮತ್ತೆ ಹೇಳಿದರು. ಡಿಸೆಂಬರ್ ೨೯ರಂದು ಮೂರನೆಯ ಸಲ. "ಮುಳ್ಳು ತೋರಿಸೋದು ಬರೀ ತಳ್ಳಾಟ. ಶುಕ್ರವಾರ ಸಂತೆ ದಿನ ಬಸ್ಸಿನ ಬಾಗಿಲು ನೋಡಿ. ತಳ್ಳಾಟ ಎಷ್ಟು, ಒಳಗೆ ಹೋಗೋರು ಎಷ್ಟು? ತಣ್ಣಗಿನ ಎಣ್ಣೆನೂ ಹಾಗೇ. ಮುಳ್ಳು ಅರವತ್ತು ತೋರಿಸಿದ್ರೆ ಎಣ್ಣೆ ಹೋಗ್ತಾ ಉಂಟು ಅಂತ ಅಲ್ಲ, ಹೋಗ್ಲಿಕ್ಕೆ ಆಗ್ತಾ ಇಲ್ಲ ಅಂತ."

ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಪಟ್ಟಿಯಲ್ಲಿ ಬರೆಯಲಿಲ್ಲ.

ಜನವರಿ ೪, ಸೋಮವಾರ, ಧಣಿಗಳು ಪಟ್ಟಿ ತರಿಸಿ ನೋಡಿದರು. ಇಪ್ಪತ್ತನಾಲ್ಕು ದಿನ, ಎಪ್ಪತ್ತೆರಡು ಅಂಕಿ. ಅವರು ಕೆಟ್ಟವರಲ್ಲ, ಗಾಬರಿಯ ಮನುಷ್ಯ. ಎರಡನೇ ನಂಬರಿನ ಕಾಲಮಿನ ಮೇಲೆ ಬೆರಳು ಇಳಿಸುತ್ತ ಹೋದ ಹಾಗೆ ಮುಖ ಸಣ್ಣಗಾಯಿತು. ಮೇಸ್ತ್ರಿಯನ್ನು ಕರೆಸಿದರು.

"ಎರಡನೇ ನಂಬರಿಗೆ ಯಾವ ಎಣ್ಣೆ ಹಾಕ್ತೀಯ?"

"ಚಳಿಗಾಲಕ್ಕೆ ಮೂವತ್ತರದ್ದು ಧಣಿ. ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ಹೋಗೋ ಗಾಡಿ ಅಲ್ವಾ. ಅದು ತೆಳು, ಬೇಗ ಇಳಿತದೆ."

"ಅದಕ್ಕೇ ಇಪ್ಪತ್ತೈದಕ್ಕೆ ಬಿದ್ದಿದೆ. ಬೇರೆ ಎರಡು ನೋಡು, ಅರವತ್ತು! ಒತ್ತಡ ಇಳಿದ್ರೆ ಮನುಷ್ಯನೇ ಸಾಯ್ತಾನೆ, ಎಂಜಿನ್ ಸಾಯೋದಿಲ್ವಾ?"

"ಏರಿದ್ರೂ ಸಾಯ್ತಾನೆ ಧಣಿ."

ಹೊರಗೆ ನಿಂತಿದ್ದ ಎರಡನೇ ನಂಬರಿನ ಡ್ರೈವರ್ ಕೆಮ್ಮಿ ನಗು ಮುಚ್ಚಿಕೊಂಡ. ಧಣಿಗಳಿಗೆ ಅದು ಕೇಳಿಸಿತು. ಅವರ ದನಿ ಗಟ್ಟಿಯಾಯಿತು.

"ಐವತ್ತರ ದಪ್ಪ ಎಣ್ಣೆ ಹಾಕು. ಪಂಪಿನ ಹತ್ತಿರ ಒತ್ತಡ ಮಿತಿಯಲ್ಲಿಡೋ ಸ್ಪ್ರಿಂಗ್ ಇದೆಯಲ್ಲ, ಅದರ ಕೆಳಗೆ ಒಂದು ವಾಷರ್ ಕೊಡು, ಬಿಗಿ ಆಗಲಿ."

"ಹಾಗೆ ಮಾಡಿದ್ರೆ ಬೆಳಿಗ್ಗೆ ಕಳ್ಳಗಂಡಿ ಮುಚ್ಚೋದೇ ಇಲ್ಲ. ಎಣ್ಣೆ ಸೋಸದೆ ಹೋಗ್ತದೆ. ಆ ಇಪ್ಪತ್ತೈದು ಬಿಸಿ ಎಂಜಿನ್ನಿನದ್ದು, ಸರಿಯಾಗೇ ಉಂಟು. ರೈಟ್ರನ್ನೇ ಕೇಳಿ."

ಧಣಿಗಳು ನನ್ನ ಕಡೆ ತಿರುಗಿದರು. "ಏನಯ್ಯಾ, ನೀನು ಬರೆದ ಲೆಕ್ಕ ತಪ್ಪಾ?"

ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದರು. ಎರಡನೇ ನಂಬರನ್ನು ನಾನು ಬೇರೆ ಹೊತ್ತಿನಲ್ಲಿ ನೋಡಿದ್ದು ಎಂದು ಹೇಳಬೇಕಾಗಿತ್ತು. ಒಂದು ವಾಕ್ಯ. ಆದರೆ ಹಾಗೆ ಹೇಳಿದರೆ, ಐದೂವರೆಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಇಪ್ಪತ್ತನಾಲ್ಕು ದಿನದ ಪಟ್ಟಿ ಕಸದ ಬುಟ್ಟಿಗೆ ಹೋಗುತ್ತಿತ್ತು.

"ಲೆಕ್ಕ ಸರಿಯಾಗೈತೆ ಧಣಿ," ಎಂದೆ.

ಒಂದು ಅಂಕಿಯೂ ಸುಳ್ಳಲ್ಲ. ಅದನ್ನೇ ಹಿಡಿದುಕೊಂಡು ಎರಡೂ ಮುಕ್ಕಾಲು ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆಗಿಲ್ಲ.

ಜನವರಿ ೫ರಂದು ಫಿಲ್ಟರಿಗೆ ಹೊಸ ಬಟ್ಟೆ ಬಿತ್ತು, ಐವತ್ತರ ಎಣ್ಣೆ ಬಿತ್ತು, ವಾಷರೂ ಬಿತ್ತು. ಎರಡನೇ ನಂಬರಿನ ಮುಳ್ಳು ಒಂಬತ್ತೂ ಮುಕ್ಕಾಲಿಗೆ ನಲವತ್ತೆರಡು ತೋರಿಸಿತು. ಧಣಿಗಳು ಎಲ್ಲರಿಗೂ ಕಾಫಿ ತರಿಸಿದರು. ಡಬ್ಬಿ ಬೆಚ್ಚಗಾಗುವ ತನಕ ಕಾಯುವುದನ್ನೂ ಅಂದಿನಿಂದ ನಿಲ್ಲಿಸಿದರು. ಮುಳ್ಳು ಚೆನ್ನಾಗಿದೆ, ಕಾಯುವುದೇಕೆ? ಮೇಸ್ತ್ರಿ ಮೊದಲೆರಡು ದಿನ ಐದೂವರೆಗೆ ಹೊರಟ ಬಸ್ಸಿನ ಜೊತೆ ಬಾಗಿಲಲ್ಲಿ ನಿಂತು ಎರಡನೇ ಮೈಲಿಕಲ್ಲಿನ ತನಕ ಹೋಗಿ, ಅಲ್ಲಿ ಬಸ್ಸು ನಿಲ್ಲಿಸಿ ಡಬ್ಬಿ ಮುಟ್ಟಿ, ನಡೆದು ವಾಪಸು ಬಂದರಂತೆ. ಡ್ರೈವರ್ ಹೇಳಿದ್ದು. "ಇನ್ನೂ ತಣ್ಣಗೆ ಉಂಟು ಅಂತಿದ್ರು ಮೇಸ್ತ್ರಿಯಣ್ಣ. ಪ್ಯಾಸೆಂಜರ್ ಒಬ್ರು, ಅದೇನು ಹೆಣವಾ ಮುಟ್ಟಿ ನೋಡೋಕೆ ಅಂತ ಬೈದ್ರು."

ಜನವರಿ ೧೬, ಶನಿವಾರ, ಫಿಲ್ಟರ್ ಬಿಚ್ಚುವ ದಿನ. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಸಾಮಾನ್ಯವಾಗಿ ಆ ಬಟ್ಟೆ ಕರಿ ಕೆಸರಿನಲ್ಲಿ ಅದ್ದಿ ತೆಗೆದ ಹಾಗೆ ಇರುತ್ತಿತ್ತು. ಅಂದು ಹೆಚ್ಚು ಕಡಿಮೆ ಚೊಕ್ಕವಾಗಿತ್ತು. ಡ್ರೈವರ್, "ಭಾರಿ ಒಳ್ಳೆ ಎಣ್ಣೆ ಮಾರಾಯ್ರೆ, ಕಸನೇ ಇಲ್ಲ!" ಎಂದ. ನಾನು 'ಫಿಲ್ಟರ್: ಸ್ವಚ್ಛ' ಎಂದು ಬರೆದು ಪಕ್ಕದಲ್ಲಿ ಸರಿ ಗುರುತು ಹಾಕಿದೆ.

ಮೇಸ್ತ್ರಿ ಆ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ಅದನ್ನು ತಿರುಗಿಸುತ್ತಿದ್ದರು. ಆಮೇಲೆ ಯಾರ ಕಡೆಯೂ ನೋಡದೆ ಕೇಳಿದರು:

"ಹನ್ನೊಂದು ದಿನದ ಕಸ ಇಲ್ಲಿ ಇಲ್ಲೆ. ಹಾಗಾದ್ರೆ ಎಲ್ಲಿ ಉಟ್ಟು?"

ಸಂಕಟವಾದಾಗ ಮಾತ್ರ ಅವರ ಬಾಯಿಗೆ ಮನೆಯ ಮಾತು ಬರುತ್ತಿತ್ತು. ಕಸ ಎಲ್ಲಿದೆ ಎಂದು ಅಲ್ಲಿದ್ದ ಮೂವರಲ್ಲಿ ಅವರಿಗೆ ಗೊತ್ತಿತ್ತು. ಜೇನಿನ ಲೋಟದ ನೆನಪಿದ್ದ ನನಗೂ ಗೊತ್ತಾಯಿತು. ಬಟ್ಟೆಯ ಮೇಲೆ ನಿಲ್ಲಬೇಕಾದದ್ದು ಬೇರಿಂಗುಗಳ ನಡುವೆ ಕೂತು ಅವನ್ನು ತೇಯುತ್ತಿತ್ತು. ತೇಯ್ದು ಸಂದು ದೊಡ್ಡದಾದರೆ ಮುಳ್ಳು ಇಳಿಯುತ್ತದೆ. ಇಳಿಯಿತು. ಜನವರಿ ಮೂವತ್ತಕ್ಕೆ ಮೂವತ್ತಾರು, ಫೆಬ್ರವರಿ ನಾಲ್ಕಕ್ಕೆ ಮೂವತ್ತೊಂದು. ಧಣಿಗಳು ಇನ್ನೊಂದು ವಾಷರ್ ಹಾಕಿಸಿದರು. ಮೇಸ್ತ್ರಿ ತಾವೇ ಹಾಕಿದರು. ಸ್ಪ್ಯಾನರ್ ತಿರುಗಿಸುವಾಗ ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿದೆ.

ಫೆಬ್ರವರಿ ೯, ಮಂಗಳವಾರ, ಎರಡನೇ ನಂಬರು ಒಂಬತ್ತೂ ಮುಕ್ಕಾಲಿಗೆ ಬರಲಿಲ್ಲ. ಹತ್ತೂವರೆಗೆ ಒಬ್ಬ ಲಾರಿಯವನು ಸುದ್ದಿ ತಂದ. ಘಟ್ಟದ ಅರ್ಧದಲ್ಲಿ ಬೇರಿಂಗು ಕರಗಿ, ಒಳಗಿನ ಕಬ್ಬಿಣದ ತೋಳು ಮುರಿದು ಎಂಜಿನ್ನಿನ ಪಕ್ಕೆಯನ್ನೇ ಒಡೆದು ಹೊರಬಂದಿತ್ತು. ಜನರಿಗೆ ಏನೂ ಆಗಲಿಲ್ಲ. ಇಳಿದು ನಡೆದು ಬಂದರು. ಮೇಸ್ತ್ರಿ ಹೋಗಿ ನೋಡಿ ಬಂದವರು ನನಗೆ ಹೇಳಿದ್ದು ಇಷ್ಟೇ: "ಒಡೆದ ತೂತಿನಿಂದ ಎಣ್ಣೆ ಸೋರ್ತಾ ಇತ್ತು. ಬೆರಳಿಗೆ ತಕ್ಕೊಂಡೆ. ಮರಳು, ಮರಳು."

ಮಂಗಳೂರಿನ ಪಾಲುದಾರರು ಯಾರ ತಪ್ಪು ಎಂದು ತಂತಿ ಕಳಿಸಿ ಕೇಳಿದರು. ಧಣಿಗಳ ಮುಂದೆ ಇಬ್ಬರಿದ್ದರು. ಬೆಳಿಗ್ಗೆಯಿಂದ ಎಂಜಿನ್ನಿನಲ್ಲಿ ಕಟಕಟ ಸದ್ದು ಬರುತ್ತಿದ್ದರೂ ನಿಲ್ಲಿಸದೆ ಓಡಿಸಿದ ಡ್ರೈವರ್, ಮೂರು ಸಣ್ಣ ಮಕ್ಕಳ ತಂದೆ. ಮತ್ತು ಮೇಸ್ತ್ರಿ. ಫೆಬ್ರವರಿ ೧೧, ಗುರುವಾರ, ಮಧ್ಯಾಹ್ನ ಮೂರಕ್ಕೆ ಧಣಿಗಳು ಮೇಸ್ತ್ರಿಯ ಹೆಸರಿನಲ್ಲಿ ನನ್ನಿಂದ ಒಂದು ಹೇಳಿಕೆ ಬರೆಸಿದರು. 'ನಾನು ಡಿಸೆಂಬರ್ ತಿಂಗಳಿಡೀ ತೆಳು ಎಣ್ಣೆ ಹಾಕಿ ಒತ್ತಡವನ್ನು ಅರ್ಧಕ್ಕೆ ಇಳಿಸಿದ್ದರಿಂದ ಬೇರಿಂಗುಗಳು ಮೊದಲೇ ಕೆಟ್ಟಿದ್ದವು. ರಿಜಿಸ್ಟರಿನ ಅಂಕಿಗಳನ್ನು ಇದರ ಜೊತೆ ಲಗತ್ತಿಸಿದೆ.' ಹೀಗೆ ಹದಿನಾಲ್ಕು ಸಾಲು. ನನ್ನ ದುಂಡಗಿನ ಅಕ್ಷರ.

"ನೀನು ಒಪ್ಪದಿದ್ರೆ ಡ್ರೈವರನ್ನ ತೆಗೀಬೇಕಾಗ್ತದೆ," ಎಂದರು ಧಣಿಗಳು. "ನಿನಗಾದ್ರೆ ಹಿಂದೆ ಮುಂದೆ ಯಾರಿಲ್ಲ."

ಮೇಸ್ತ್ರಿ ನನ್ನನ್ನು ನೋಡಿ, "ಏನು ಬರೆದ್ರಿ, ಓದಿ ರೈಟ್ರೇ," ಎಂದರು. ಓದಿದೆ. ಮುಗಿದ ಮೇಲೆ, "ಇದ್ರಲ್ಲೂ ಬಿಸಿ ಬರೀಲಿಲ್ಲ ಅಲ್ವಾ," ಎಂದರು. ಸಿಟ್ಟಿರಲಿಲ್ಲ. ಒಂದು ನಟ್ಟು ಸಡಿಲವಾಗಿದೆ ಎಂದು ತೋರಿಸುವ ದನಿ.

ನಾನು ಶಾಯಿಯ ಪ್ಯಾಡ್ ಮುಂದಿಟ್ಟೆ. ಅವರು ಹೆಬ್ಬೆರಳು ಒತ್ತಿ ಕಾಗದದ ಮೇಲೆ ಊರಿದರು. ತೆಗೆದಾಗ ಬರೀ ಒಂದು ಕಪ್ಪು ಮಚ್ಚೆ. ಗೆರೆಯೇ ಇಲ್ಲ. ಧಣಿಗಳು ಆ ಹಾಳೆ ತೆಗೆದಿಟ್ಟು, ಇನ್ನೊಂದು ಪ್ರತಿಯ ಮೇಲೆ ಒತ್ತು ಎಂದರು. ಮತ್ತೆ ಅದೇ ಮಚ್ಚೆ.

"ನನ್ನ ಬೆರಳಲ್ಲಿ ಏನೂ ಉಳಿದಿಲ್ಲ ಧಣಿ. ಎಣ್ಣೆ ತಿಂದಿದೆ," ಎಂದರು.

"ಸಾಕು ಬಿಡು, ಕಪ್ಪು ಬಿದ್ದಿದೆಯಲ್ಲ," ಎಂದರು ಧಣಿಗಳು.

ಅಂದು ನಾಲ್ಕೂ ಹತ್ತರ ಲಾರಿಯಲ್ಲಿ ಅವರು ಸಂಪಾಜೆಗೆ ಇಳಿದರು. ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ. ನಾನು ಪೆಟ್ಟಿಗೆ ಎತ್ತಿ ಕೊಡಲು ಹೋದೆ. "ಬೇಡ, ಕೈ ಮಸಿ ಆಗ್ತದೆ, ನಿಮ್ಗೆ ಬರೀಲಿಕ್ಕೆ ಉಂಟು," ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಅವರ ಹೆಬ್ಬೆಟ್ಟು ಉಳಿಸಿದ ಡ್ರೈವರನ ಕೆಲಸ ಏಪ್ರಿಲ್ ೩ರ ತನಕ ಉಳಿಯಿತು. ಹೊಸ ಎಂಜಿನ್ ಬಂದಾಗ ಹೊಸ ಡ್ರೈವರನೂ ಬಂದ. ಆ ಹೇಳಿಕೆಯ ಸುದ್ದಿ ಘಟ್ಟದ ಮೇಲೂ ಕೆಳಗೂ ಹಬ್ಬಿತ್ತು. ಗೋಣಿಕೊಪ್ಪಲಿನ ಒಂದು ಶೆಡ್ಡಿನಲ್ಲಿ ಮೇಸ್ತ್ರಿ ಕೆಲಸ ಕೇಳಿದರಂತೆ. ಎಂಜಿನ್ ಒಡೆದವನು ನೀನೇ ಅಲ್ಲವೇ ಎಂದರಂತೆ. ಕಕ್ಕಬೆಯ ಒಂದು ಎಸ್ಟೇಟಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಎಂಜಿನ್ ನೋಡಿಕೊಳ್ಳಲು ಹದಿನೆಂಟು ದಿನ ಇಟ್ಟುಕೊಂಡು ಕಳಿಸಿದರಂತೆ. ಇವೆಲ್ಲ ನನಗೆ ಬೇರೆಯವರ ಬಾಯಿಂದ ಬಂದದ್ದು. ನಾನಾಗಿ ಹೋಗಿ ನೋಡಲಿಲ್ಲ. ಹೋಗಬೇಕು ಎಂದು ದಿನಚರಿಯಲ್ಲಿ ಒಂಬತ್ತು ಕಡೆ ಬರೆದಿದ್ದೇನೆ.

ಅದರ ಬದಲು ನಾನು ಇನ್ನೊಂದು ಪಟ್ಟಿ ಮಾಡಿದೆ. ೧೯೫೪ರ ಡಿಸೆಂಬರ್ ಒಂದರಿಂದ ೧೯೫೫ರ ಫೆಬ್ರವರಿ ೨೬ರ ತನಕ, ದಿನಾ ಬೆಳಿಗ್ಗೆ ಐದಕ್ಕೆ ಶೆಡ್ಡಿಗೆ ಹೋಗಿ, ಮೂರೂ ಬಸ್ಸಿನ ಡಬ್ಬಿಯ ಮೇಲೆ ಅಂಗೈ ಇಟ್ಟು, ಹೊರಡುವಾಗ ಒಮ್ಮೆ ಬಂದಾಗ ಒಮ್ಮೆ ಮುಳ್ಳು ನೋಡಿದೆ. ಒತ್ತಡದ ಪಕ್ಕ ಬಿಸಿ. ತಣ್ಣಗೆ, ಬೆಚ್ಚಗೆ, ಕೈ ಇಡಲಾಗದು. ಮೂರೇ ಮಾತು. ಪುಟ ಅಂದಗೆಟ್ಟಿತು. ಆದರೆ ಯಾರು ಬೇಕಾದರೂ ಓದಬಹುದಾಗಿತ್ತು: ತಣ್ಣಗಿದ್ದಾಗ ಮೂರೂ ಬಸ್ಸು ಐವತ್ತೈದು, ಅರವತ್ತು, ಬಿಸಿಯಾದಾಗ ಮೂರೂ ಇಪ್ಪತ್ತೈದು, ಮೂವತ್ತು. ಎರಡನೇ ನಂಬರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದದ್ದು ನನ್ನ ಕಾಲಮಿಗೆ.

ಧಣಿಗಳಿಗೆ ತೋರಿಸಿದೆ. ತಾಳ್ಮೆಯಿಂದ ಎಲ್ಲ ಪುಟ ನೋಡಿದರು. "ಈಗ ಇದು ಯಾರಿಗೆ ಬೇಕಾಗಿದೆ?" ಎಂದು ಕೇಳಿ ವಾಪಸು ಕೊಟ್ಟರು. ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಮೇ ೧೫, ಭಾನುವಾರ, ಪಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಸಂಪಾಜೆಗೆ ಹೋದೆ.

ತಂಗಿಯ ಮನೆ ರಸ್ತೆಯಿಂದ ಒಳಗೆ, ಹೊಳೆ ದಾಟಿ. ಆಕೆ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮೋಟಾರ್ ಶೆಡ್ಡಿನ ರೈಟರ್ ಎಂದೆ. ಕೈ ನಿಂತಿತು.

"ಅಣ್ಣ ಇಲ್ಲೆ," ಎಂದರು.

ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದೆ. ಆಕೆ ಒಳಗೆ ಹೋಗಿ ಒಂದು ಕಾಗದ ತಂದು ಕೊಟ್ಟರು. ಪೆನ್ಸಿಲಿನಲ್ಲಿ, ಹೆಚ್ಚು ಕಲಿಯದವರ ಕೈಬರಹದಲ್ಲಿ ಐದು ಸಾಲು. ನಿಮ್ಮ ಅಣ್ಣ ಇಲ್ಲಿ ಮರದ ಮಿಲ್ಲಿನ ಎಂಜಿನ್ ನೋಡಿಕೊಂಡಿದ್ದರು. ಶಿವರಾತ್ರಿಯ ಹೊತ್ತಿಗೆ ಜ್ವರ ಬಂತು, ಐದನೆಯ ದಿನ ತೀರಿಕೊಂಡರು. ಕೊನೆಯ ಕೆಲಸ ನಾವೇ ಮಾಡಿದೆವು. ಒಳ್ಳೆಯ ಮನುಷ್ಯರು. ಅವರ ಕಂಬಳಿ ಇಲ್ಲಿ ಉಂಟು. ಅಷ್ಟೇ. ಬರೆದವರ ಹೆಸರಿಲ್ಲ, ಊರಿಲ್ಲ. ಲಕೋಟೆಯನ್ನು ಮಳೆಗೆ ನೆನೆದು ಹರಿಯಿತೆಂದು ಒಲೆಗೆ ಹಾಕಿದ್ದರು.

"ಯಾವ ಊರು ಅಂತ ಗೊತ್ತಿಲ್ಲೆ," ಎಂದರು ಆಕೆ. "ದೀಪಾವಳಿ ಕಳ್ದ ಮೇಲೆ ಕೆಲಸ ಹುಡುಕ್ತೆ ಅಂತ ಹೋದ. ನೀವು ಅಲ್ಲಿದ್ದವರಲ್ಲ, ಅಣ್ಣ ಎಂಥ ತಪ್ಪು ಮಾಡಿದ್ದು? ಕೇಳಿದ್ರೆ ಹೇಳ್ತಿರ್ಲಿಲ್ಲೆ."

ಆಕೆಗೆ ಎಲ್ಲವನ್ನೂ ಹೇಳಿದೆ. ಪಟ್ಟಿ ಬಿಚ್ಚಿ ತೋರಿಸಿದೆ. ಆಕೆಗೂ ಓದಲು ಬಾರದು. ಅಂಕಿಗಳ ಮೇಲೆ ಒಮ್ಮೆ ಕೈ ಆಡಿಸಿ, "ಇದನ್ನ ಆಗ ಬರೀಬೇಕಿತ್ತು," ಎಂದು ಮತ್ತೆ ಮೊರದ ಮುಂದೆ ಕೂತರು. ನಾನು ಇಪ್ಪತ್ತು ನಿಮಿಷ ಕೂತಿದ್ದೆ. ಆಕೆ ನೀರು ಕೊಟ್ಟರು, ಬೆಲ್ಲ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ತಾರೀಖು ಲೆಕ್ಕ ಹಾಕಿದೆ. ನನ್ನ ಪಟ್ಟಿಯ ಕೊನೆಯ ಬೆಳಿಗ್ಗೆಗಳಲ್ಲಿ, ತಣ್ಣಗಿನ ಡಬ್ಬಿಯ ಮೇಲೆ ಕೈ ಇಟ್ಟು ಅವರಿಗೆ ತೋರಿಸಲು ಬರೆಯುತ್ತಿದ್ದಾಗ, ಅವರು ಎಲ್ಲೋ ಜ್ವರದಲ್ಲಿ ಮಲಗಿದ್ದರು, ಅಥವಾ ಆಗಲೇ ಇರಲಿಲ್ಲ.

ನಾನು ಈಗಲೂ ಅದೇ ಶೆಡ್ಡಿನಲ್ಲಿದ್ದೇನೆ. ಇನ್ನು ನಾಲ್ಕು ದಿನಕ್ಕೆ ಕೊಡಗು ರಾಜ್ಯ ಮೈಸೂರಿನೊಂದಿಗೆ ಸೇರುತ್ತದೆ. ಹಳೆಯ ರಿಜಿಸ್ಟರುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಲು ಹೇಳಿದ್ದಾರೆ. ನಿನ್ನೆ ಕಟ್ಟುವಾಗ ಆ ಹೇಳಿಕೆಯ ನಕಲು ಸಿಕ್ಕಿತು. ಮೊದಲ ಸಲ ಒತ್ತಿದ್ದು, ಸರಿ ಬರಲಿಲ್ಲವೆಂದು ತೆಗೆದಿಟ್ಟದ್ದು. ಕಪ್ಪು ಮಚ್ಚೆ ಎರಡೂವರೆ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿದೆ. ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಾದರೂ ಒಂದು ಗೆರೆ ಇದೆಯೇ ಎಂದು ನೋಡಿದೆ. ಇಲ್ಲ. ಅವರದೇ ಎಂದು ಯಾರೂ ಸಾಧಿಸಲಾಗದ ಹೆಬ್ಬೆಟ್ಟಿನ ಮೇಲೆ ಆ ತಪ್ಪು ನಿಂತಿದೆ. ಅಕ್ಷರ ಮಾತ್ರ ಯಾರದೆಂದು ಯಾರಾದರೂ ಹೇಳಬಹುದು.

ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ, ಓದುವವರಲ್ಲಿ ಒಂದು ಕೋರಿಕೆ. ೧೯೫೪ರ ದೀಪಾವಳಿಯಿಂದ ಮರುವರ್ಷದ ಶಿವರಾತ್ರಿಯ ತನಕ, ಘಟ್ಟದ ಕೆಳಗೋ ಮೇಲೋ, ಯಾವುದಾದರೂ ಮರದ ಮಿಲ್ಲಿನಲ್ಲಿ, ಎಣ್ಣೆಯ ಎಳೆಯನ್ನು ಬೆರಳ ನಡುವೆ ಎಣಿಸುವ, ಬಲ ಹೆಬ್ಬೆರಳಿನಲ್ಲಿ ಗೆರೆಯಿಲ್ಲದ ಒಬ್ಬ ಮೇಸ್ತ್ರಿಯನ್ನು ನೀವು ನೋಡಿದ್ದರೆ, ಅಥವಾ ಆ ಐದು ಸಾಲು ಬರೆದವರು ನೀವೇ ಆಗಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅವರ ತಂಗಿಗೆ ಊರಿನ ಹೆಸರು ಬೇಕು, ಕಂಬಳಿಯೂ ಬೇಕು. ನನಗೆ ಬೇಕಾದದ್ದು ಇನ್ನೊಂದು. ಆ ಮಿಲ್ಲಿನ ಎಂಜಿನ್ನಿಗೆ ಮೀಟರು ಇತ್ತೇ, ಅದರ ಅಂಕಿಯನ್ನು ಬರೆಯುವವರು ಯಾರಾದರೂ ಇದ್ದರೇ, ಮೇಸ್ತ್ರಿ ಕೇಳಿದಾಗ ಪಕ್ಕದಲ್ಲಿ ಬಿಸಿಯನ್ನೂ ಬರೆದರೇ?